ಬಂಗಲೆ ತೋಟದಲ್ಲಿ ಧಾರೆ, ಅದೂ ಆಷಾಢದಲ್ಲಿ!

ಪ್ರಶ್ನೆ: ಮಗಳು ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಯವನನ್ನೇ ಮೆಚ್ಚಿದ್ದಾಳೆ, ನಮಗೂ ಒಪ್ಪಿಗೆ. ಆದರೆ ಮದುವೆ ಅಲ್ಲಿಯ ಹಳ್ಳಿಯೊಂದರ ಹಳೇ ಎಸ್ಟೇಟ್ ಬಂಗಲೆಯ ತೋಟದಲ್ಲಿ ಆಗಬೇಕಂತೆ. ಜುಲೈ ಮೂರನೇ ವಾರ, ನೂರೇ ಜನ. ಆಷಾಢ ಅಂದರೆ ನಗುತ್ತಾಳೆ. ಬಂಗಲೆಯೊಳಗೆ ಬೆಂಕಿ ಹಚ್ಚುವ ಹಾಗಿಲ್ಲ, ಹೋಮ ಎಲ್ಲಿ? ನಮ್ಮವರು ‘ದೊರೆಗಳ ಜಂಬ ನಮಗ್ಯಾಕೆ, ಮೈಸೂರಿನ ಛತ್ರದಲ್ಲೇ ಆಗಲಿ, ಇಲ್ಲದಿದ್ದರೆ ನಾನು ಬರಲ್ಲ’ ಅಂತ ಕೂತಿದ್ದಾರೆ.
– ಹೆಸರು ಬೇಡ, ಮೈಸೂರು

ಉತ್ತರ: ಹುಡುಗ ಒಪ್ಪಿಗೆಯಾಗಿ ಜಾಗಕ್ಕೆ ಜಗಳ! ಎಷ್ಟೋ ಮನೆಗಳಲ್ಲಿ ಇದು ತಿರುಗಾಮುರುಗಾ ಇರುತ್ತದೆ. ನನ್ನನ್ನು ಕೇಳಿದರೆ, ಜಾಗ ಮಗಳಿಷ್ಟಕ್ಕೆ ಬಿಟ್ಟುಬಿಡಿ. ದಿನದ ಬಗ್ಗೆ ಮಾತ್ರ ಕೂತು ಮಾತಾಡಿ.

ಆಷಾಢ ಕೆಟ್ಟದ್ದು ಅಂತ ವಾದಕ್ಕಿಳಿಯಬೇಡಿ, ಸೋಲುತ್ತೀರಿ. ‘ಆ ತಿಂಗಳು ಅಕ್ಷತೆ ಹಾಕಲು ಅಜ್ಜಿಯೂ ಸೋದರಮಾವನೂ ಒಪ್ಪಲ್ಲ’ ಅನ್ನಿ. ಅಡ್ವಾನ್ಸ್ ಕೊಟ್ಟಿಲ್ಲದಿದ್ದರೆ ಶ್ರಾವಣಕ್ಕೆ ಮುಂದೂಡಲಿ. ಆಗಸ್ಟಿನಲ್ಲೂ ಅಲ್ಲಿ ಬೇಸಿಗೆಯೇ. ವಾರದ ಮಧ್ಯೆ ಇಟ್ಟುಕೊಂಡರೆ ಬಾಡಿಗೆಯೂ ಸಾಮಾನ್ಯವಾಗಿ ಕಮ್ಮಿ. ಬೆಳಗಿನ ಜಾವದ ಮುಹೂರ್ತಕ್ಕೆ ಅಲ್ಲಿ ಗೇಟು ತೆಗೆಯುವವರು ಸಿಗುವುದು ಕಷ್ಟ. ಪುರೋಹಿತರ ಹತ್ತಿರ ನಡುಮಧ್ಯಾಹ್ನದ ಅಭಿಜಿನ್ ಲಗ್ನ ಕೇಳಿ. ಬೇಸಿಗೆಯಲ್ಲಿ ಇಂಗ್ಲೆಂಡಿನವರು ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ನಡುಮಧ್ಯಾಹ್ನ ಬರುವುದೇ ಒಂದರ ಆಸುಪಾಸಿಗೆ. ಹಾಗಾಗಿ ಲಗ್ನ ಅಲ್ಲಿಯ ಸಮಯಕ್ಕೇ ಕಟ್ಟಿಸಿ.

ಹಳೇ ಮರದ ಕೆಲಸ, ಚಿತ್ರಪಟಗಳಿರುವ ಮನೆಯೊಳಗೆ ಬೆಂಕಿ ಬೇಡ ಅನ್ನುವುದು ನ್ಯಾಯವೇ. ಹೋಮ ತೋಟದಲ್ಲಿ ಆಗಲಿ. ಹುಲ್ಲು ಸುಡದ ಹಾಗೆ ಇಟ್ಟಿಗೆ, ಮರಳಿನ ಮೇಲೆ ಹೋಮಕುಂಡ, ಪಕ್ಕದಲ್ಲಿ ಎರಡು ಬಕೆಟ್ ನೀರು. ಇಂಗ್ಲೆಂಡಿನ ಮಳೆ ಗೊತ್ತಲ್ವಾ? ಮಳೆ ಬಂದರೆ ಅಗ್ನಿ ಎಲ್ಲಿ, ಹೊರಗಿನ ಅಡುಗೆಯವರನ್ನು ಬಿಡುತ್ತಾರಾ, ಇವೆರಡನ್ನೂ ದುಡ್ಡು ಕಟ್ಟುವ ಮೊದಲೇ ಬರಹದಲ್ಲಿ ತರಿಸಿಕೊಳ್ಳಲಿ.

ಇನ್ನೊಂದು ಮುಖ್ಯ ವಿಷಯ. ತೋಟದಲ್ಲಿ ಧಾರೆ ಎರೆದ ಮಾತ್ರಕ್ಕೆ ಅಲ್ಲಿಯ ಕಾನೂನು ಮದುವೆ ಅನ್ನುವುದಿಲ್ಲ. ನೋಟಿಸ್ ಕೊಟ್ಟು 28 ದಿನ ಕಾದು ರಿಜಿಸ್ಟರ್ ಆಗಬೇಕು. ಪರವಾನಗಿ ಇರುವ ಬಂಗಲೆಯಾದರೆ ಜುಲೈ 2021ರಿಂದ ಅದರ ತೋಟದಲ್ಲೂ ರಿಜಿಸ್ಟರ್ ಆಗಬಹುದು. ಆದರೆ ಅದರ ಜೊತೆ ಮಂತ್ರ ಬೆರೆಸುವ ಹಾಗಿಲ್ಲ. ಬೇರೆ ದಿನ ಕಚೇರಿಯಲ್ಲಿ ಮುಗಿಸಿಬಿಟ್ಟರೆ ಧಾರೆಯ ದಿನ ಗಡಿಬಿಡಿ ಇರಲ್ಲ.

ಇನ್ನು ನಿಮ್ಮವರು. ಜಂಬವೇನೂ ಇಲ್ಲ ಅಂತ ಹೇಳಿ. ತೆರಿಗೆ, ಸೂರಿನ ರಿಪೇರಿ ತಡೆಯಲಾರದೆ ಎಷ್ಟೋ ದೊರೆಗಳು ಮನೆ ಬಾಗಿಲು ತೆರೆದರು. ಲಾಂಗ್‌ಲೀಟ್ ಅನ್ನೋ ಭಾರೀ ಬಂಗಲೆಗೆ 1949ರಲ್ಲೇ ದುಡ್ಡು ತೆಗೆದುಕೊಂಡು ಜನರನ್ನು ಬಿಟ್ಟರು. ಈಗ ಮದುವೆಗೂ ಕೊಡುತ್ತಾರೆ, ನಮ್ಮ ಛತ್ರದವರ ಹಾಗೇ.

ಆದರೆ ಅವರ ಸಿಟ್ಟು ಬಂಗಲೆ ಮೇಲಲ್ಲ ಅನ್ನಿಸುತ್ತದೆ. ಇಷ್ಟು ವರ್ಷ ಊರವರ ಮದುವೆಗಳಲ್ಲಿ ಉಂಡು, ಮುಯ್ಯಿ ಕೊಟ್ಟು ಬಂದವರು. ಈಗ ಆ ಜನಕ್ಕೆ ಎಲೆ ಹಾಕಲು ಆಗಲ್ವಲ್ಲ ಅನ್ನೋ ಸಂಕಟ. ಮೈಸೂರಿನಲ್ಲೊಂದು ಆರತಕ್ಷತೆ ಇಡಿ. ಕರೆಯುವ ಪಟ್ಟಿ, ಊಟ, ಛತ್ರ ಎಲ್ಲಾ ಅವರದ್ದೇ ಲೆಕ್ಕ. ಈ ಮಾತನ್ನು ಮಗಳೇ ಫೋನ್ ಮಾಡಿ ಅಪ್ಪನಿಗೆ ಹೇಳಲಿ. ನೀವು ಮಧ್ಯೆ ಪೋಸ್ಟ್‌ಮನ್ ಆಗಬೇಡಿ.

ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಹೊರಡುವ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕಲು ಬರುವುದಿಲ್ಲ. ಅಷ್ಟರೊಳಗೆ ಎಲ್ಲರ ಪಾಸ್‌ಪೋರ್ಟ್ ಒಂದು ಕಡೆ ಸೇರಿಸಿಡಿ, ‘ಬರಲ್ಲ’ ಅಂದವರದ್ದೂ.