ಮಂಗಳೂರಿನ ಯಹೂದಿ ವ್ಯಾಪಾರಿ ಬಗ್ಗೆ ಕೇಳಿದ್ದಕ್ಕೆ

ಮಂಗಳೂರಿನಲ್ಲಿ ಹಿಂದೆ ಒಬ್ಬ ಯಹೂದಿ ವ್ಯಾಪಾರಿ ನೆಲೆಸಿದ್ದು ನಿಜವಾ, ಸುಮ್ನೆ ಕಟ್ಟಿದ ಕಥೆಯಾ ಅಂತ ಕೇಳಿದ್ದೀರಿ. ಖಂಡಿತ ನಿಜ. ಅವರ ಹೆಸರು ಅಬ್ರಹಾಂ ಬೆನ್ ಯಿಜು, ಊರು ಟ್ಯುನೀಶಿಯಾದ ಮಹ್ದಿಯಾ. ಇಲ್ಲಿಗೆ ಬಂದದ್ದು 1132ರ ಸುಮಾರಿಗೆ, ಯೆಮೆನ್‌ನ ಬಂದರು ಏಡನ್‌ಗೆ ಹಿಂದಿರುಗಿದ್ದು 1149ರಲ್ಲಿ.

ಇದಕ್ಕೆ ಪುರಾವೆ ಸಿಕ್ಕಿದ್ದು ಈಜಿಪ್ಟಿನಲ್ಲಿ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಬಿಸಾಡುತ್ತಿರಲಿಲ್ಲ. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಅಂಥ ಕಾಗದ ತುಂಬಿಡಲು ಗೆನಿಜಾ ಎಂಬ ಕೋಣೆಯೇ ಇತ್ತು. ಅಲ್ಲಿನ ರಾಶಿಯಲ್ಲಿ ಬೆನ್ ಯಿಜು ಅವರ ಪತ್ರಗಳೂ ಲೆಕ್ಕದ ಚೀಟಿಗಳೂ ಉಳಿದುಕೊಂಡವು. ಭಾಷೆ ಅರಬ್ಬಿ, ಲಿಪಿ ಹೀಬ್ರೂ.

ಓದಿದರೆ ಅಂದಿನ ಬಂದರು ಕಣ್ಣೆದುರು ಬರುತ್ತದೆ. ಏಡನ್‌ನ ಗೆಳೆಯರು ಹಳೇ ತಾಮ್ರದ ಪಾತ್ರೆ ಕಳಿಸಿ, ಇಂಥ ಅಳತೆಯಲ್ಲಿ ಹೊಸದು ಮಾಡಿಸಿಕೊಡಿ ಅಂತ ಬರೆಯುತ್ತಾರೆ. ಬೆನ್ ಯಿಜು ಅವರಿಗೆ ಇಲ್ಲಿ ಕಂಚಿನ ಕಾರ್ಖಾನೆ ಇತ್ತು! ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಆ ಪತ್ರಗಳಲ್ಲಿ ಸಿಗುವ ಇಲ್ಲಿನ ಜನ. 1132ರ ಅಕ್ಟೋಬರ್‌ನಲ್ಲಿ ಅವರು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಇದೆ. ಆಮೇಲೆ ಆಕೆಯನ್ನೇ ಮದುವೆಯಾದರು ಅಂತ ವಿದ್ವಾಂಸರು ಹೇಳುತ್ತಾರೆ. ಅವರ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡಿಕೊಂಡ ಆಳಿನ ಹೆಸರು ಬೊಮ್ಮ ಅಂತ ಓದಲಾಗಿದೆ. ನಮ್ಮ ಕಡೆಯ ಹೆಸರೇ ಅಲ್ವಾ?

ಗೆನಿಜಾದ ದೊಡ್ಡ ಪಾಲು ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅವರ ಡಿಜಿಟಲ್ ಸಂಗ್ರಹದಲ್ಲಿ ಹಾಳೆಗಳ ಫೋಟೊಗಳನ್ನು ಉಚಿತವಾಗಿ ನೋಡಬಹುದು.