ಆಪ್ತಸಲಹೆ: ಮೊದಲ ನಗು ಅವರದಾಗಲಿ

ಮಂಡ್ಯ ಕಡೆಯ ಹಳ್ಳಿಯ ಹೆಣ್ಣುಮಗಳು. ವಯಸ್ಸು 40 ದಾಟಿದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ‘ಅಕ್ಕ’ ಅಂತಲೇ ಕರೆಯುತ್ತೇನೆ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಮೈಸೂರಿನಲ್ಲಿ ಕೀಮೋ ಅನ್ನುವ ಔಷಧಿ ಚಿಕಿತ್ಸೆ ನಡೆಯುತ್ತಿತ್ತು. ಎರಡನೇ ಕೀಮೋ ಆದ ವಾರ ಗಂಡ ಅವರನ್ನು ನನ್ನ ಹತ್ತಿರ ಕರೆತಂದರು.

“ಮೇಡಂ, ಇವಳು ಮನೇಲಿ ಮಾತೇ ಬಿಟ್ಟವಳೆ. ನಾನು ಎಷ್ಟು ನಗಿಸೋಕೆ ನೋಡಿದ್ರೂ ಆಗ್ತಿಲ್ಲ.”

ಏನಂತ ನಗಿಸಿದ್ರಿ ಅಂತ ಕೇಳಿದೆ.

“ಶಾಂಪೂ ಕಾಸು ಉಳೀತು ಬುಡು ಅಂದೆ, ಅಷ್ಟೇಯ.”

ಅಕ್ಕ ಸೆರಗನ್ನು ಹಣೆವರೆಗೆ ಎಳೆದುಕೊಂಡು ಕಿಟಕಿ ಕಡೆ ತಿರುಗಿದರು.

ಗಂಡನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಅಕ್ಕ ಬ್ಯಾಗಿನಿಂದ ಬಟ್ಟೆ ಅಂಗಡಿಯ ಕವರ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕೂದಲು. ಮೊದಲ ಕೀಮೋ ಆದ 17ನೇ ದಿನ ಬಾಚಣಿಗೆಗೆ ಹಿಡಿ ಹಿಡಿಯಾಗಿ ಬಂದದ್ದು. ಕೊಬ್ಬರಿ ಎಣ್ಣೆಯ ಹೊಳಪು ಇನ್ನೂ ಹೋಗಿರಲಿಲ್ಲ. ಮಧ್ಯದಲ್ಲಿ ಒಂದು ಕಪ್ಪು ರಬ್ಬರ್ ಬ್ಯಾಂಡ್ ಸಿಕ್ಕಿಕೊಂಡಿತ್ತು.

“ಕೂದಲು ತಗೊಂಡು ಪಾತ್ರೆ ಕೊಡೋನು ಬರ್ತಾನಲ್ಲ ಮೇಡಂ, ಅವನಿಗೆ ಇಟ್ಟಿವ್ನಿ. ವರ್ಷ ಪೂರ್ತಿ ಕೂಡಿಟ್ರೂ ಒಂದು ಲೋಟ ಕೊಡ್ತಿದ್ದ. ಈ ಸಲ ಕೊಳದಪ್ಪಲೆನೇ ಕೇಳಬೇಕು.”

ಹೇಳಿ ನನ್ನ ಮುಖ ನೋಡಿದರು. ನನಗೆ ನಿಜವಾಗಿಯೂ ನಗು ಬಂತು, ನಕ್ಕೆ. ಅವರೂ ನಕ್ಕರು. ನಗ್ತಾ ನಗ್ತಾ ಅಳು ಬಂತು. ನಾನು ತಡೆಯಲಿಲ್ಲ. ಕವರ್ ಮುಚ್ಚಲೂ ಹೋಗಲಿಲ್ಲ.

ಗಂಡ ಹೇಳಿದ್ದೂ ತಮಾಷೆಯೇ, ಅಕ್ಕ ಹೇಳಿದ್ದೂ ತಮಾಷೆಯೇ. ಆದರೆ ಗಂಡನ ಮಾತು ಅಕ್ಕನ ಕಿವಿಗೆ ‘ಅಳಬೇಡ, ಇದೇನು ದೊಡ್ಡದಲ್ಲ’ ಅಂತ ಕೇಳಿಸಿತ್ತು. ಅವರಿಗೆ ಅದು ದೊಡ್ಡದೇ. ನಮ್ಮ ಹಳ್ಳಿಗಳಲ್ಲಿ ಹೆಂಗಸಿನ ಬೋಳು ತಲೆ ನೋಡಿದರೆ ಹಳಬರ ಮನಸ್ಸು ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾ? ಗಂಡ ಗಟ್ಟಿಯಾಗಿ ಕೂತಿರುವಾಗ ಆ ನೋಟ ಎದುರಿಸುವುದು ಸುಲಭ ಅಲ್ಲ.

ಗಂಡನನ್ನು ಒಳಗೆ ಕರೆದು ಹೇಳಿದೆ: ಅವರು ನಕ್ಕರೆ ಜೊತೆಗೆ ನಗಿ. ನೀವು ಶುರು ಮಾಡಬೇಡಿ. ತಲೆ ನೋಯ್ತಿದೆಯಾ ಅಂತ ಕೇಳಿ, ಕೂದಲು ಉದುರುವಾಗ ನೆತ್ತಿ ಮುಟ್ಟಿದರೆ ನೋಯುತ್ತದೆ. ದಿಂಬಿಗೆ ಹಳೇ ಹತ್ತಿ ಸೀರೆ ಸುತ್ತಿ ಕೊಡಿ. ಗಂಡ ತಲೆ ತಗ್ಗಿಸಿ, “ನಗಿಸದೇ ಹೋದ್ರೆ ನಾನೇ ಅತ್ತುಬುಡ್ತೀನಿ ಮೇಡಂ” ಅಂದರು. ಅಕ್ಕ ಆಗ ಮೊದಲ ಸಲ ಗಂಡನ ಕಡೆ ನೋಡಿದರು.

ಅಕ್ಕನಿಗೆ ಕಾರಣ ಬಿಡಿಸಿ ಹೇಳಿದೆ. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕೂದಲಿನ ಬುಡದ ಕೋಶಗಳೂ ಹಾಗೇ ಬೆಳೆಯುವಂಥವು, ಅದಕ್ಕೇ ಅವಕ್ಕೂ ಪೆಟ್ಟು. ಸಾಮಾನ್ಯವಾಗಿ 2-3 ವಾರಕ್ಕೆ ಉದುರಲು ಶುರು. ಕೀಮೋ ಮುಗಿದು 1ರಿಂದ 3 ತಿಂಗಳಲ್ಲಿ ಬಹುತೇಕರಿಗೆ ಮತ್ತೆ ಚಿಗುರುತ್ತದೆ. ಮೊದಮೊದಲು ಗುಂಗುರಾಗಿ ಬರಬಹುದು, ಬಣ್ಣವೂ ಬೇರೆ ಇರಬಹುದು. ಯಾರೋ ಕೊಟ್ಟ ಎಣ್ಣೆ, ಲೇಪ ಏನನ್ನೂ ಡಾಕ್ಟರನ್ನು ಕೇಳದೆ ಹಚ್ಚಬೇಡಿ ಅಂದೆ.

ವಿಗ್ ಹಾಕುವುದು ಮೋಸ ಅಲ್ವಾ ಅನ್ನುವುದು ಅವರ ಅನುಮಾನ. ಮದುವೆಗೆ ಚೌರಿ ಹಾಕ್ಕೊಂಡಿದ್ರಾ ಅಂತ ಕೇಳಿದೆ. “ಹೂಂ, ಮಂಡಿವರ್ಗೂ!” ಅಂದರು. ಆ ಅನುಮಾನ ಅಲ್ಲಿಗೇ ಮುಗಿಯಿತು. ಅವರು ಕೊಂಡದ್ದು ಸಿಂಥೆಟಿಕ್ ವಿಗ್. ಅದಕ್ಕೆ ಬಿಸಿ ಆಗುವುದಿಲ್ಲ. ಸೌದೆ ಒಲೆ, ಮುದ್ದೆ ಪಾತ್ರೆಯ ಹಬೆ, ಒಗ್ಗರಣೆ ಹತ್ತಿರ ಹೋಗುವಾಗ ತೆಗೆದಿಡಿ, ಒಳಗೆ ತೆಳು ಹತ್ತಿ ಟೋಪಿ ಹಾಕಿ, ರಾತ್ರಿ ಕಳಚಿ ಮಲಗಿ ಅಂತ ತಿಳಿಸಿದೆ. ಯಾರಾದರೂ “ಮುಡಿ ಕೊಟ್ಟು ಬಂದ್ಯೇನವ್ವ?” ಅಂದರೆ ಏನು ಹೇಳಬೇಕು ಅನ್ನುವುದನ್ನೂ ಇಬ್ಬರೂ ಕೂತು ಯೋಚಿಸಿದೆವು. ಹತ್ತಿರದವರಿಗೆ ನಿಜ, ಉಳಿದವರಿಗೆ “ಹೂಂ ಕಣವ್ವ” ಸಾಕು.

ಎರಡು ತಿಂಗಳ ನಂತರ ಬಂದಾಗ ಅಕ್ಕನೇ ಒಂದು ಸುದ್ದಿ ತಂದಿದ್ದರು. ನೆಂಟರ ಮನೆ ಬೀಗರ ಊಟ. ವಿಗ್‌ಗೆ ಒಂದು ಮೊಳ ಮಲ್ಲಿಗೆ ಸಿಕ್ಕಿಸಿಕೊಂಡು ಹೋಗಿದ್ದಾರೆ. ಸೊಂಟದ ಮೇಲಿದ್ದ ತಂಗಿಯ ಮಗು ಹೂವಿಗೆ ಕೈ ಹಾಕಿ ಎಳೆದಿದೆ. ವಿಗ್ ಜಾರಿ ಕಣ್ಣ ಮೇಲೆ ಕೂತಿದೆ. ಪಂಕ್ತಿಯಲ್ಲಿ ಕೂತವರೆಲ್ಲ ಮೂಳೆ ಚೀಪುವುದನ್ನೂ ಬಿಟ್ಟು ಗಪ್‌ಚುಪ್.

“ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ. ನನಗೆ ಹಿಟ್ಟೂ ಅದೆ, ಮಲ್ಲಿಗೆನೂ ಅದೆ, ಜುಟ್ಟೇ ಇಲ್ಲ ಕಣ್ರಪ್ಪ ಅಂದೆ ಮೇಡಂ.”

ಮೊದಲು ನಕ್ಕವರು ಗಂಡನಂತೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎದ್ದು ಬಂದು ವಿಗ್ ಸರಿಮಾಡಿದರಂತೆ.

ಅತ್ತೆ ಎದುರಿಗೆ ಮಾತ್ರ ಅಕ್ಕ ಈಗಲೂ ಸೆರಗು ಹೊದೆಯುತ್ತಾರೆ. ಅದನ್ನು ಬಿಡಿ ಅಂತ ನಾನು ಹೇಳಿಲ್ಲ. ಆ ಹಿರಿಯರಿಗೂ ಒಂದು ದಿನ ಬಿಡುವು ಮಾಡಿಕೊಂಡು ಬರಲು ಹೇಳಿದ್ದೇನೆ.