ಫೋನಿಗೆ ಮೂರು ವರ್ಷ ಆಯ್ತು. 200 ಮೆಗಾಪಿಕ್ಸೆಲ್, 120 ಹರ್ಟ್ಜ್, ಹೊಸ ಚಿಪ್ ಅಂತ ಬದಲಾಯಿಸಬೇಕೇ?

ಫೋನ್ ನಿಧಾನವಾಗಿದೆ, ಸಂಜೆಯೊಳಗೆ ಚಾರ್ಜ್ ಖಾಲಿಯಾಗುತ್ತದೆ, ಹೊಸ ಮಾಡೆಲ್‌ನಲ್ಲಿ ಶೀರ್ಷಿಕೆಯಲ್ಲಿರುವ ಮೂರೂ ಇವೆ, ತಗೊಳ್ಳಲೇ ಎಂದು ಕೇಳಿದ್ದೀರಿ. ನಿಮ್ಮ ಎರಡು ತೊಂದರೆಗಳಿಗೂ ಆ ಮೂರು ಫೀಚರ್‌ಗಳಿಗೂ ನಂಟು ಕಡಿಮೆ.

ಮೊದಲು ಬ್ಯಾಟರಿ ನೋಡಿ. ಫೋನಿನ ಲಿಥಿಯಂ-ಅಯಾನ್ ಬ್ಯಾಟರಿ ಸಾಮಾನ್ಯವಾಗಿ 500ರಿಂದ 1000 ಸೈಕಲ್ ಆಗುವಷ್ಟರಲ್ಲಿ ಮೂಲ ಸಾಮರ್ಥ್ಯದ 80 ಶೇಕಡಕ್ಕೆ ಇಳಿಯುತ್ತದೆ. ಎರಡು ದಿನ ಅರ್ಧರ್ಧ ಖಾಲಿ ಮಾಡಿದರೆ ಒಂದು ಸೈಕಲ್. ಬ್ಯಾಟರಿ ಹಳತಾದಂತೆ ಒಳಗಿನ ರೋಧ ಏರುತ್ತದೆ. ಕ್ಯಾಮೆರಾ ತೆರೆದಾಗ ಚಿಪ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, 20 ಶೇಕಡ ತೋರಿಸುತ್ತಿದ್ದ ಫೋನ್ ಪಟ್ಟನೆ ಆಫ್. ಇದನ್ನು ತಪ್ಪಿಸಲು ಕೆಲವು ಫೋನ್‌ಗಳು ಚಿಪ್‌ನ ವೇಗಕ್ಕೇ ಕಡಿವಾಣ ಹಾಕುತ್ತವೆ. ಹಳೆ ಐಫೋನ್‌ಗಳಲ್ಲಿ ಹೀಗೆ ಮಾಡುತ್ತಿದ್ದೇವೆಂದು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಅಂದರೆ ನಿಧಾನಕ್ಕೂ ಬ್ಯಾಟರಿಯೇ ಕಾರಣವಿರಬಹುದು. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ 'ಹೆಲ್ತ್' 80ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಮಾತ್ರ ಹಾಕಿಸಿ. ಬಿಚ್ಚಿದಾಗ ಅಂಚಿನ ಅಂಟು ಹೋಗುತ್ತದೆ, ಮತ್ತೆ ಸೀಲ್ ಮಾಡಿಸದಿದ್ದರೆ ನೀರು ತಡೆಯುವ ಗುಣವನ್ನು ನಂಬಬೇಡಿ. ಹಿಂಬದಿ ಉಬ್ಬಿದ್ದರೆ ಮಾತ್ರ ತಡ ಮಾಡಬೇಡಿ: ಚಾರ್ಜ್ ಮಾಡುವುದನ್ನು ಇವತ್ತೇ ನಿಲ್ಲಿಸಿ.

ನಂತರ ಸ್ಟೋರೇಜ್. ಫ್ಲ್ಯಾಶ್ ಮೆಮೊರಿಯಲ್ಲಿ ಹೊಸದಾಗಿ ಬರೆಯಲು ಹಳೆ ಬ್ಲಾಕ್ ಅಳಿಸಬೇಕು, ಖಾಲಿ ಜಾಗ ಕಡಿಮೆಯಾದಷ್ಟೂ ಈ ಅಳಿಸುವ ಕೆಲಸ ಜಾಸ್ತಿ, ಫೋನ್ ನಿಧಾನ. 15 ಶೇಕಡದಷ್ಟಾದರೂ ಖಾಲಿ ಬಿಟ್ಟು ನೋಡಿ. ಸ್ಟೋರೇಜ್‌ನ ಬಗೆಯೂ ಮುಖ್ಯ. ಅಗ್ಗದ ಫೋನ್‌ಗಳ ಇಎಂಎಂಸಿ 5.1 ಎಂಬ ಬಗೆಯದು ಹೆಚ್ಚೆಂದರೆ ಸೆಕೆಂಡಿಗೆ 400 ಎಂಬಿ, ಅದೂ ಓದು ಇಲ್ಲವೇ ಬರಹ, ಒಂದು ಸಲಕ್ಕೆ ಒಂದೇ. ಯುಎಫ್‌ಎಸ್ 3.1 ಎಂಬ ವೇಗದ ಬಗೆಯಲ್ಲಿ ಓದುವ ವೇಗ 2000 ಎಂಬಿ ಆಸುಪಾಸು, ಎರಡೂ ಒಟ್ಟಿಗೆ ನಡೆಯುತ್ತವೆ. ನಿಮ್ಮದು ಇಎಂಎಂಸಿ ಆಗಿದ್ದರೆ ಬದಲಾಯಿಸಿದ್ದು ಮೊದಲ ದಿನವೇ ಗೊತ್ತಾಗುತ್ತದೆ, ಹೊಸ ಚಿಪ್‌ಗಿಂತ ಹೆಚ್ಚಾಗಿ. ಜಾಹೀರಾತಿನಲ್ಲಿ ಇದು ಎಲ್ಲೋ ಮೂಲೆಯಲ್ಲಿರುತ್ತದೆ.

200 ಮೆಗಾಪಿಕ್ಸೆಲ್ ವಿಷಯ. ಮಾಮೂಲಿ ಮೋಡ್‌ನಲ್ಲಿ ಈ ಸೆನ್ಸರ್ 16 ಪಿಕ್ಸೆಲ್‌ಗಳನ್ನು ಸೇರಿಸಿ ಒಂದು ಮಾಡುತ್ತದೆ, ಕೈಗೆ ಬರುವುದು 12.5 ಮೆಗಾಪಿಕ್ಸೆಲ್ ಚಿತ್ರ. ಒಂದೊಂದು ಪಿಕ್ಸೆಲ್ 0.6 ಮೈಕ್ರೋಮೀಟರ್ ಆಜುಬಾಜು, ಅಷ್ಟು ಪುಟ್ಟ ಚುಕ್ಕೆಗೆ ರಾತ್ರಿ ಬೆಳಕು ಸಾಲದು, ಅದಕ್ಕೇ ಸೇರಿಸುವುದು. ಪೂರ್ತಿ 200 ತೆಗೆದರೆ ಬಿಸಿಲಲ್ಲಿ ಸರಿ, ಮನೆಯೊಳಗೆ ಕಾಳುಕಾಳು. ನಾನಾದರೆ ಸೆನ್ಸರ್ ಅಳತೆ ನೋಡುತ್ತೇನೆ: 1/1.3 ಇಂಚು ಎಂದರೆ ದೊಡ್ಡದು, 1/2.8 ಎಂದರೆ ಚಿಕ್ಕದು (ಕೆಳಗಿನ ಅಂಕಿ ಏರಿದಂತೆ ಸೆನ್ಸರ್ ಕಿರಿದು). ಜೊತೆಗೆ ಓಐಎಸ್ ಇರಬೇಕು. ಕೈ ನಡುಗಿದಾಗ ಅದಕ್ಕೆ ತಕ್ಕಂತೆ ಲೆನ್ಸನ್ನು ಸರಿಸಿ ಚಿತ್ರ ಕದಡದಂತೆ ನೋಡಿಕೊಳ್ಳುವುದು ಅದೇ. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ, ಡೆಪ್ತ್ ಕ್ಯಾಮೆರಾಗಳು ಬರೀ ಲೆಕ್ಕ ಭರ್ತಿಗೆ.

ಹರ್ಟ್ಜ್ ಎಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ. ಪರದೆ 60ರಿಂದ 120 ಹರ್ಟ್ಜ್‌ಗೆ ಹೋದರೆ ಒಂದು ಫ್ರೇಮ್‌ನ ಅವಧಿ 16.7 ಮಿಲಿಸೆಕೆಂಡಿನಿಂದ 8.3ಕ್ಕೆ ಇಳಿಯುತ್ತದೆ, ಸ್ಕ್ರಾಲ್ ಮಾಡುವಾಗ ಅಕ್ಷರ ಕಲಸಿಕೊಳ್ಳುವುದು ಕಡಿಮೆ. 90 ಇದ್ದವರು ಇದಕ್ಕಾಗಿ ಖರ್ಚು ಮಾಡಬೇಡಿ. ಎಲ್‌ಟಿಪಿಒ (ಬೇಡದಾಗ ಹರ್ಟ್ಜ್ ತೀರಾ ತಗ್ಗಿಸಬಲ್ಲ ಪರದೆ) ಇಲ್ಲದ 120 ಬ್ಯಾಟರಿಯನ್ನೂ ತಿನ್ನುತ್ತದೆ.

ಇನ್ನು ಹೊಸ ಚಿಪ್. ಅದರ ಹೆಸರಲ್ಲಿ ಹೊಗಳುವ ಎಐ ಬಹುಪಾಲು ಸರ್ವರ್‌ನಲ್ಲೇ ನಡೆಯುತ್ತದೆ. ಫೋನಿನೊಳಗೇ ನಡೆಯುವುದಕ್ಕೆ ರ್‍ಯಾಮ್ ಬೇಕು: ಆಪಲ್‌ನ ಎಐ ಸೌಲಭ್ಯವಾದ ಆಪಲ್ ಇಂಟೆಲಿಜೆನ್ಸ್ 8 ಜಿಬಿಯ ಐಫೋನ್ 15 ಪ್ರೊಗೆ ಸಿಕ್ಕಿತು, 6 ಜಿಬಿಯ 15ಕ್ಕೆ ಸಿಗಲಿಲ್ಲ.

ಇಷ್ಟಾದ ಮೇಲೂ ಬದಲಾಯಿಸಲೇಬೇಕಾದ ಸಂದರ್ಭ ಒಂದಿದೆ. 'ಅಬೌಟ್ ಫೋನ್' ಒಳಗೆ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ. ಕಂಪನಿ ಅಪ್‌ಡೇಟ್ ನಿಲ್ಲಿಸಿ, ನೀವು ಅದೇ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುತ್ತಿದ್ದರೆ, ಹಾರ್ಡ್‌ವೇರ್ ಗಟ್ಟಿಯಿದ್ದರೂ ಬಿಡಿ. ಆಗ ಹೊಸ ಮಧ್ಯಮ ದರ್ಜೆಯ ಫೋನಿಗಿಂತ ಹಿಂದಿನ ವರ್ಷದ ಮೇಲ್ದರ್ಜೆಯದು ಎಷ್ಟೋ ಸಲ ಮೇಲು, ಸೆನ್ಸರ್ ಮತ್ತು ಸ್ಟೋರೇಜ್ ಎರಡರಲ್ಲೂ. ಆದರೆ ಗೂಗಲ್‌ನ ಪಿಕ್ಸೆಲ್ 8, ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್24ಗೆ ಕೊಟ್ಟ 7 ವರ್ಷದ ಅಪ್‌ಡೇಟ್ ಭರವಸೆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ ಎಣಿಕೆಯಾಗುತ್ತದೆ, ನೀವು ಕೊಂಡ ದಿನದಿಂದ ಅಲ್ಲ.